ಶೀತ ಮರುಭೂಮಿಯಲ್ಲಿ ಸ್ವಾವಲಂಬಿ ಪ್ರಯಾಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ನಮ್ಮಲ್ಲಿ ಮುಂಗಾರು ಕಾಲಿಡುವ ಹೊತ್ತಿಗೆ ಲಡಾಖಿನ ರಸ್ತೆಗಳು ಹಿಮದಿಂದ ಬಿಡುಗಡೆ ಹೊಂದುತ್ತವೆ. ಹೀಗಾಗಿ ಪ್ರತಿವರ್ಷ ಈ ದಿನಗಳಲ್ಲಿ ಅಲ್ಲಿಗೆ ಹೊರಟವರ ಪತ್ರಗಳು ಈ ಅಂಕಣಕ್ಕೆ ಬರುವುದು ರೂಢಿ. ಈ ಸಲ ಬರೆದವರಲ್ಲಿ ಹೆಚ್ಚಿನವರು ಟೂರ್ ಕಂಪನಿಯ ವಾಹನವಾಗಲಿ, ಅಡುಗೆಯವರಾಗಲಿ, ಮಾರ್ಗದರ್ಶಿಯಾಗಲಿ ಇಲ್ಲದೆ, ತಮ್ಮ ಆಹಾರ, ಡೇರೆ ಮತ್ತು ರಿಪೇರಿ ಸಾಮಾನನ್ನು ತಾವೇ ಹೊತ್ತುಕೊಂಡು ಹೋಗುವ ಇಚ್ಛೆಯುಳ್ಳವರು. ಪತ್ರಗಳನ್ನು ಸಂಕ್ಷೇಪಿಸಿ, ಹೆಸರುಗಳನ್ನು ಕೈಬಿಟ್ಟು, ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ಪ್ರತಿ ರವಿವಾರ ಸೈಕಲ್ ತುಳಿಯುತ್ತೇವೆ, ಮುಂಜಾನೆ ಹೊರಟು ಯಲ್ಲಾಪುರ ಮುಟ್ಟಿ ಸಂಜೆಯೊಳಗೆ ಮರಳುವುದು ನಮಗೆ ಕಷ್ಟವಲ್ಲ. ಜುಲೈ ತಿಂಗಳಲ್ಲಿ ಮನಾಲಿಯಿಂದ ಲೇಹ್‌ಗೆ ಯಾರ ನೆರವೂ ಇಲ್ಲದೆ ಸೈಕಲ್ಲಿನಲ್ಲಿ ಹೋಗಬೇಕೆಂದಿದ್ದೇವೆ. ದಾರಿಗೆಂದು ಎಂಟು ದಿನ ಇಟ್ಟುಕೊಂಡಿದ್ದೇವೆ. ಸಾಕಾಗುತ್ತದೆಯೇ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸಾಲದು. ನಿಮ್ಮ ಕಾಲಿನ ಬಲದ ಮೇಲೆ ಸಂಶಯಪಟ್ಟು ಈ ಮಾತು ಹೇಳುತ್ತಿಲ್ಲ. ಅಟಲ್ ಸುರಂಗದ ಮೂಲಕ ಈ ದಾರಿಯ ಉದ್ದ ಸುಮಾರು 430 ಕಿ.ಮೀ. ಮಾತ್ರ, ದಿನಕ್ಕೆ ಅರವತ್ತು ಕಿ.ಮೀ. ಎಂದು ಕಾಗದದ ಮೇಲೆ ಭಾಗಿಸಿದರೆ ಎಂಟು ದಿನದಲ್ಲಿ ಇನ್ನೂ ಸಮಯ ಉಳಿಯುತ್ತದೆ. ಆದರೆ ಹುಬ್ಬಳ್ಳಿ ಇರುವುದು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ, ನೀವು ದಾಟಬೇಕಾದ ತಂಗ್‌ಲಂಗ್ ಲಾ (ಲಾ ಎಂದರೆ ಬೆಟ್ಟಸಾಲನ್ನು ದಾಟುವ ಕಣಿವೆದಾರಿ) ಇರುವುದು 5,328 ಮೀಟರ್ ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟು ಮಾತ್ರ ಇರುವುದರಿಂದ, ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆಯಾಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳುವುದು ನಿಜವೇ, ಆದರೆ ಅದು ತನ್ನ ವೇಗದಲ್ಲಿ ಹೊಂದಿಕೊಳ್ಳುತ್ತದೆಯೇ ಹೊರತು ನಮ್ಮ ರಜೆಯ ಲೆಕ್ಕದಲ್ಲಿ ಅಲ್ಲ. ಇಪ್ಪತ್ತೈದು ವರ್ಷದ ಗಟ್ಟಿ ಓಟಗಾರನಿಗೂ ಇದರಲ್ಲಿ ರಿಯಾಯಿತಿ ಇಲ್ಲ.

ವೈದ್ಯರು ಸಾಮಾನ್ಯವಾಗಿ ಹೇಳುವ ಸೂತ್ರವೆಂದರೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಸ್ಥಳದಲ್ಲಿ ಎರಡು ರಾತ್ರಿ ಕಳೆಯಬೇಕು. ಹಗಲಿನಲ್ಲಿ ಎಷ್ಟು ಎತ್ತರಕ್ಕೆ ಏರಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ. ಈ ಸೂತ್ರವನ್ನು ನಿಮ್ಮ ದಾರಿಗೆ ಹಚ್ಚಿ ನೋಡಿದರೆ ತೊಡಕು ಎಲ್ಲಿದೆ ಎಂಬುದು ತಿಳಿಯುತ್ತದೆ. ಕೇಲಾಂಗ್, ಜಿಸ್ಪಾ, ದಾರ್ಚಾ ಇವೆಲ್ಲ 3,100ರಿಂದ 3,400 ಮೀಟರ್ ಆಸುಪಾಸಿನ ಊರುಗಳು. ಅಲ್ಲಿಂದ ಮುಂದೆ ಜಿಂಗ್‌ಜಿಂಗ್‌ಬಾರ್ ಮತ್ತು ಸರ್ಚು ಎರಡೂ 4,200 ಮೀಟರಿಗಿಂತ ಮೇಲಿವೆ, ಪಾಂಗ್ 4,600 ಮೀಟರಿನಲ್ಲಿದೆ. ಗಟ್ಟಿಯಾಗಿ ತುಳಿಯುವವರು ದಾರ್ಚಾದಿಂದ ಹೊರಟು 4,890 ಮೀಟರಿನ ಬಾರಾಲಾಚಾ ಲಾ ದಾಟಿ, ಸುಮಾರು 75 ಕಿ.ಮೀ. ಕ್ರಮಿಸಿ ಒಂದೇ ದಿನದಲ್ಲಿ ಸರ್ಚುವಿಗೆ ಹೋಗಿ ಮಲಗುತ್ತಾರೆ. ತಲೆನೋವು, ವಾಂತಿ, ನಿದ್ರೆ ಬಾರದಿರುವುದು ಅಂದಿನ ರಾತ್ರಿಯೇ ಶುರುವಾಗುತ್ತದೆ.

ಇಲ್ಲಿಯೇ ಈ ಹೆದ್ದಾರಿಯ ನಿಜವಾದ ಅಪಾಯ ಅಡಗಿದೆ. ಎತ್ತರದ ಕಾಯಿಲೆ ಉಲ್ಬಣಿಸಿದರೆ ಅದಕ್ಕೆ ಖಚಿತವಾದ ಮದ್ದು ಒಂದೇ: ತಕ್ಷಣ ಕೆಳಗಿಳಿಯುವುದು. ಆದರೆ ಸರ್ಚುವಿನಿಂದ ಕೆಳಗಿಳಿಯಲು ದಾರಿಯೇ ಇಲ್ಲ. ಹಿಂದಕ್ಕೆ ಹೋಗಬೇಕೆಂದರೆ ಮೊದಲು ಬಾರಾಲಾಚಾವನ್ನು ಏರಬೇಕು. ಮುಂದಕ್ಕೆ ಹೋಗಬೇಕೆಂದರೆ ಗಾಟಾ ಲೂಪ್ಸಿನ 21 ತಿರುವುಗಳನ್ನು ಹತ್ತಿ, ನಕೀ ಲಾ ಮತ್ತು 5,060 ಮೀಟರಿನ ಲಾಚುಂಗ್ ಲಾ ಎರಡನ್ನೂ ದಾಟಬೇಕು. ಪಾಂಗ್‌ನಲ್ಲಿ ಕಾಯಿಲೆ ಬಿದ್ದವರ ಸ್ಥಿತಿಯೂ ಇದೇ. ವಾಹನ ಜೊತೆಗಿದ್ದವರು ಹೇಗೋ ನಾಲ್ಕಾರು ಗಂಟೆಯಲ್ಲಿ ಪಾರಾಗಬಹುದು. ಸೈಕಲ್ಲಿನವರು ಲಾರಿಗೆ ಕೈಮಾಡಬೇಕಾಗುತ್ತದೆ. ಆದ್ದರಿಂದ ಸ್ವಾವಲಂಬಿ ಪ್ರಯಾಣಿಕರು ತಯಾರಿ ಮಾಡುವಾಗ ಮೊದಲು ಕೇಳಿಕೊಳ್ಳಬೇಕಾದದ್ದು 'ಈ ಸ್ಥಳದಿಂದ ಕೆಳಗಿಳಿಯುವುದು ಹೇಗೆ' ಎಂಬ ಪ್ರಶ್ನೆ; ಯಾವ ಸೈಕಲ್, ಯಾವ ಗೇರು ಎಂಬ ವಿಚಾರ ಆಮೇಲಿನದು. ಕೆಳಗಿಳಿಯಲು ಸುಲಭವಾದ ದಾರಿಯಿರುವಷ್ಟು ದಿನ ದೇಹವನ್ನು ಹದಗೊಳಿಸಿಕೊಳ್ಳಿ, ಹದಗೊಂಡ ಮೇಲೆಯೇ ಬಾರಾಲಾಚಾದ ಆಚೆ ಕಾಲಿಡಿ.

ನನ್ನ ಸಲಹೆ ಹದಿನಾಲ್ಕು ದಿನ, ಅದರ ಮೇಲೆ ಕೈಯಲ್ಲಿ ಎರಡು ಖಾಲಿ ದಿನ. ಮನಾಲಿಯಲ್ಲಿ ಎರಡು ರಾತ್ರಿ ಕಳೆಯಿರಿ. 2020ರಲ್ಲಿ ತೆರೆದ ಸುರಂಗವನ್ನು ಬಿಟ್ಟು, 3,978 ಮೀಟರಿನ ಹಳೆಯ ರೋಹತಾಂಗ್ ದಾರಿಯನ್ನೇ ಹಿಡಿಯಿರಿ. ದೂರ 46 ಕಿ.ಮೀ. ಹೆಚ್ಚಾಗುತ್ತದೆ, ಆದರೆ ಎತ್ತರಕ್ಕೆ ಏರಿ ಮತ್ತೆ ಇಳಿದು ಸಿಸ್ಸುವಿನಲ್ಲಿ ಮಲಗುವುದರಿಂದ ದೇಹಕ್ಕೆ ಆಗುವ ಪಾಠ ಸುರಂಗದಲ್ಲಿ ಸಿಗುವುದಿಲ್ಲ. ಜಿಸ್ಪಾದಲ್ಲಿ ಎರಡು ರಾತ್ರಿ, ನಂತರ ಪಟ್ಸಿಯೋ, ಜಿಂಗ್‌ಜಿಂಗ್‌ಬಾರ್, ಸರ್ಚು ಹೀಗೆ ಹೆಜ್ಜೆಹೆಜ್ಜೆಯಾಗಿ ಏರಿರಿ. ಸರ್ಚುವಿನಲ್ಲಿ ಒಂದು ದಿನ ಸುಮ್ಮನೆ ಕುಳಿತುಕೊಳ್ಳುವುದು ವ್ಯರ್ಥವೆನಿಸಿದರೂ ಕುಳಿತುಕೊಳ್ಳಿ. ಗಾಟಾ ಲೂಪ್ಸಿನ ಬುಡದಿಂದ ಪಾಂಗ್‌ವರೆಗಿನ ಹಾದಿಯನ್ನು ಎರಡು ದಿನಕ್ಕೆ ಹಂಚಿಕೊಂಡರೆ ಒಳ್ಳೆಯದು. ಪ್ರತಿ ಸಂಜೆ ಒಬ್ಬರು ಇನ್ನೊಬ್ಬರನ್ನು ಪರೀಕ್ಷಿಸಿರಿ: ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸುತ್ತ ಗೆರೆಯ ಮೇಲೆ ನೇರವಾಗಿ ನಡೆಯಲು ಆಗದಿದ್ದರೆ ಮೆದುಳಿಗೆ ಬಾವು ಬರುತ್ತಿರುವ ಸೂಚನೆ, ಕುಳಿತಲ್ಲಿಯೇ ಏದುಸಿರು, ಕೆಮ್ಮು, ಕಫದಲ್ಲಿ ಗುಲಾಬಿ ನೊರೆ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಸೂಚನೆ. ಆಗ ಬೆಳಗಾಗಲಿ ಎಂದು ಕಾಯಬಾರದು. ನಿದ್ರೆಯಲ್ಲಿ ಉಸಿರು ಕೆಲಕ್ಷಣ ನಿಂತು ಮತ್ತೆ ಜೋರಾಗುವುದು ಮಾತ್ರ ಆ ಎತ್ತರದಲ್ಲಿ ಸಾಮಾನ್ಯ. ಡೇರೆಯಲ್ಲಿ ಪಕ್ಕದವರು ಹೆದರುತ್ತಾರೆ, ಹೆದರಬೇಕಾಗಿಲ್ಲ.

ಅಭ್ಯಾಸದ ಬಗ್ಗೆ ಒಂದು ಮಾತು. ಎತ್ತರವನ್ನು ಇಲ್ಲಿ ಅಭ್ಯಾಸ ಮಾಡಲಾಗದು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್, ಅಂದರೆ ಮನಾಲಿ ಪೇಟೆಗಿಂತ ತಗ್ಗು. ಆದರೆ ಹೊರೆ ಹೊತ್ತು ಏರುವುದನ್ನೂ ಎದುರುಗಾಳಿಯನ್ನೂ ಅಭ್ಯಾಸ ಮಾಡಬಹುದು. ಇಪ್ಪತ್ತು ಕಿಲೋ ಹೇರಿಕೊಂಡು ಅಂಕೋಲಾ ಕಡೆಯಿಂದ ಅರಬೈಲ್ ಘಟ್ಟ ಹತ್ತಿರಿ. ಆಷಾಢದ ಗಾಳಿಯಲ್ಲಿ ಕಪ್ಪತಗುಡ್ಡದ ಗಾಳಿಯಂತ್ರಗಳ ಬಯಲಿನಲ್ಲಿ ಗಾಳಿಗೆ ಎದುರಾಗಿ ತುಳಿಯಿರಿ. ಲಡಾಖಿನಲ್ಲಿ ಮಧ್ಯಾಹ್ನದ ನಂತರ ಗಾಳಿ ಏಳುವುದು ದಿನನಿತ್ಯದ ಸಂಗತಿಯಾದ್ದರಿಂದ, ನಸುಕಿನಲ್ಲಿ ಹೊರಟು ಮಧ್ಯಾಹ್ನದೊಳಗೆ ಡೇರೆ ಹಾಕುವ ರೂಢಿಯನ್ನೂ ಇಲ್ಲಿಯೇ ಬೆಳೆಸಿಕೊಳ್ಳಿ.

ರಜೆಯನ್ನು ಅಷ್ಟು ಹೆಚ್ಚಿಸಲು ಸಾಧ್ಯವೇ ಇಲ್ಲವಾದರೆ ಮನಾಲಿಯನ್ನು ಬಿಟ್ಟು ಶ್ರೀನಗರದಿಂದ ಹೊರಡಿರಿ. ಅದೂ ಸುಮಾರು 420 ಕಿ.ಮೀ. ದೂರವೇ. ಆದರೆ ಜೋಜಿ ಲಾ 3,528 ಮೀಟರ್, ಕಾರ್ಗಿಲ್ 2,700 ಮೀಟರಿನಷ್ಟು, ಅತಿ ಎತ್ತರದ ಫೋಟು ಲಾ ಕೂಡ 4,108 ಮೀಟರ್ ಮಾತ್ರ, ದಾರಿಯುದ್ದಕ್ಕೂ ಊರುಗಳಿವೆ. ಹತ್ತು ದಿನದಲ್ಲಿ ನೆಮ್ಮದಿಯಿಂದ ಲೇಹ್ ತಲುಪಬಹುದು. ಮನಾಲಿ ದಾರಿಗೆ ಇರುವ ಹೆಸರು ಇದಕ್ಕಿಲ್ಲ ಎಂಬುದು ನಿಮ್ಮ ಗೆಳೆಯರ ಬಳಗಕ್ಕೆ ಕೊರತೆಯೆನಿಸಬಹುದು, ನನಗೆ ಅನಿಸುವುದಿಲ್ಲ.

ಪ್ರಶ್ನೆ: ಲಡಾಖಿನಲ್ಲಿ ಸಿಂಧೂ ನದಿ ಹರಿಯುತ್ತದೆ, ಬೆಟ್ಟದ ತುಂಬ ಹಿಮವಿದೆ. ಹಾಗಿದ್ದೂ ಅದನ್ನು ಮರುಭೂಮಿ ಎನ್ನುವುದೇಕೆ? ಕಾಲ್ನಡಿಗೆ ಅಥವಾ ಸೈಕಲ್ಲಿನಲ್ಲಿ ಹೋಗುವವರು ನೀರು ಹೊರಲೇಬೇಕೆ?
– ಶಿಕ್ಷಕಿ, ಗದಗ

ಉತ್ತರ: ಮಳೆಯ ಲೆಕ್ಕದಿಂದ ಅದು ಮರುಭೂಮಿ. ಗದಗ ಜಿಲ್ಲೆಯನ್ನು ನಾವು ಒಣಸೀಮೆ ಎನ್ನುತ್ತೇವೆ, ಇಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾಗುತ್ತದೆ; ಲೇಹ್‌ನಲ್ಲಿ ಬೀಳುವುದು 100 ಮಿ.ಮೀ. ಮಾತ್ರ. ಮುಂಗಾರಿನ ಮೋಡಗಳನ್ನು ಹಿಮಾಲಯದ ದಕ್ಷಿಣದ ಸಾಲುಗಳು ಹಿಂಡಿಬಿಡುವುದರಿಂದ ಆಚೆಗೆ ಒಣಗಾಳಿಯಷ್ಟೇ ದಾಟುತ್ತದೆ. ಅಲ್ಲಿ ಕಾಣುವ ಹಸಿರೆಲ್ಲ ಹಿಮ ಕರಗಿದ ನೀರನ್ನು ಕಾಲುವೆಯಿಂದ ತಂದು ಬೆಳೆಸಿದ್ದು.

ನೀರು ಹೊರಲೇಬೇಕು, ಏಕೆಂದರೆ ನೀರಿರುವ ಜಾಗಕ್ಕೂ ನಿಮಗೆ ಬಾಯಾರುವ ಜಾಗಕ್ಕೂ ಹೊಂದಿಕೆಯಿಲ್ಲ. ಮನಾಲಿ ದಾರಿಯಲ್ಲಿ ಗಾಟಾ ಲೂಪ್ಸಿನ ಏರು ಒಣ. ಅದರ ಬುಡದ ಬ್ರ್ಯಾಂಡಿ ನಾಲಾದಲ್ಲಿಯೇ ಬಾಟಲಿಗಳನ್ನೆಲ್ಲ ತುಂಬಿಕೊಳ್ಳಬೇಕು. ಪಾಂಗ್ ದಾಟಿದ ಮೇಲೆ 4,700 ಮೀಟರ್ ಎತ್ತರದಲ್ಲಿ ಮೋರೆ ಎಂಬ ಬಯಲು ನಲವತ್ತು ಕಿ.ಮೀ. ಉದ್ದಕ್ಕೆ ಚಾಚಿಕೊಂಡಿದೆ, ಅಲ್ಲಿ ರಸ್ತೆ ಸಪಾಟಾಗಿದ್ದರೂ ನೀರಿಲ್ಲ. ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ದೇಹ ಎಷ್ಟು ನೀರು ಕಳೆದುಕೊಂಡಿತೆಂದು ಗೊತ್ತಾಗುವುದಿಲ್ಲ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯಲು, ಅಡುಗೆಗೆ ಬೇರೆ ಎಂದು ಲೆಕ್ಕ ಹಾಕಿರಿ. ಹಿಮನದಿಯ ನೀರಿನಲ್ಲಿ ಬೂದಿಯಂಥ ಸಣ್ಣ ಹೂಳಿರುತ್ತದೆ. ರಾತ್ರಿ ಪಾತ್ರೆಯಲ್ಲಿ ಬಿಟ್ಟು ತಿಳಿಯಾದದ್ದನ್ನು ಬಸಿದುಕೊಂಡು, ಆಮೇಲೆ ಕುದಿಸಿ ಅಥವಾ ಕ್ಲೋರಿನ್ ಗುಳಿಗೆ ಹಾಕಿ ಕುಡಿಯಬೇಕು. ಮೇಲೆ ಕುರಿ-ಯಾಕ್ ಮೇಯುವ ಜಾಗವಿದ್ದರೆ ಎಷ್ಟು ತಿಳಿಯಾಗಿ ಕಂಡರೂ ನಂಬಬಾರದು.

ನೀರಿನ ಇನ್ನೊಂದು ಸ್ವಭಾವವನ್ನು ನಮ್ಮ ಬಯಲುಸೀಮೆಯವರು ಮರೆಯುತ್ತಾರೆ. ಅಲ್ಲಿನ ನಾಲಾಗಳು ಬಿಸಿಲಿನೊಂದಿಗೆ ಏರುತ್ತವೆ. ಮುಂಜಾನೆ ಪಾದ ಮುಳುಗುವಷ್ಟು ಹರಿಯುತ್ತಿದ್ದ ನೀರು ಮಧ್ಯಾಹ್ನ ಮೂರು ಗಂಟೆಗೆ ಮೊಣಕಾಲು ಮೀರಿ ರಸ್ತೆಯ ಮೇಲೆಯೇ ಹರಿಯಬಹುದು. ದಾಟುವುದಿದ್ದರೆ ಬೆಳಗ್ಗೆ ದಾಟಬೇಕು. ಒಣಗಿದ ಹಳ್ಳದ ಪಾತ್ರ ಎಷ್ಟೇ ಸಪಾಟಾಗಿ, ಗಾಳಿಗೆ ಮರೆಯಾಗಿ ಕಂಡರೂ ಅಲ್ಲಿ ಡೇರೆ ಹಾಕಬಾರದು. 2010ರ ಆಗಸ್ಟ್ 5ರ ಮಧ್ಯರಾತ್ರಿ ಲೇಹ್ ಮೇಲೆ ಮೇಘಸ್ಫೋಟವಾದಾಗ, ಮಳೆಯೇ ಅಪರೂಪವಾದ ಆ ಊರಿನಲ್ಲಿ ಕೆಸರಿನ ಪ್ರವಾಹಕ್ಕೆ ಸಿಕ್ಕಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಗಿಡಮರಗಳಿಲ್ಲದ ಸಡಿಲ ಇಳಿಜಾರು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ನಾವು ಮೂವರು ಸ್ನೇಹಿತೆಯರು ಸಸ್ಯಾಹಾರಿಗಳು. ಮನೆಯ ತಿನಿಸುಗಳನ್ನೇ ಒಯ್ದು, ಉಳಿದದ್ದನ್ನು ಡೇರೆಯ ಮುಂದೆ ಬೇಯಿಸಿಕೊಳ್ಳಬಹುದೇ? ರೊಟ್ಟಿ ಅಷ್ಟು ದಿನ ತಡೆಯುತ್ತದೆಯೇ?
– ಮಾಳಮಡ್ಡಿ, ಧಾರವಾಡ

ಉತ್ತರ: ಈ ವಿಷಯದಲ್ಲಿ ನೀವು ಅದೃಷ್ಟವಂತರು. ನಮ್ಮ ಸೀಮೆಯ ಬುತ್ತಿ ಒಣ ಹವೆಗೆ ಹೇಳಿ ಮಾಡಿಸಿದ್ದು. ಕಟಕ ಜೋಳದ ರೊಟ್ಟಿ ಮತ್ತು ಸಜ್ಜೆ ರೊಟ್ಟಿ ಕೆಡಲು ತೇವ ಬೇಕು, ಅಲ್ಲಿ ತೇವವೇ ಇಲ್ಲ. ಪುಡಿಯಾಗದಂತೆ ಗಟ್ಟಿ ಡಬ್ಬಿಯಲ್ಲಿ ಜೋಡಿಸಿಕೊಂಡರೆ ಎರಡು ವಾರಕ್ಕೂ ಚಿಂತೆಯಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳಲ್ಲಿ ಎಣ್ಣೆಯಂಶ ಹೆಚ್ಚಿರುವುದರಿಂದ ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಮಾದಲಿಗೆ ಬಿಸಿ ಹಾಲಿನ ಪುಡಿಯ ನೀರು ಬೆರೆಸಿದರೆ ಒಂದು ಹೊತ್ತಿನ ಊಟವೇ ಆಯಿತು. ತೆಳು ಅವಲಕ್ಕಿಗೆ ಬೆಂಕಿಯೂ ಬೇಡ. ಆದರೆ ಎತ್ತರದಲ್ಲಿ ಹಸಿವು ಸಾಯುತ್ತದೆ, ಒಣ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಆದ್ದರಿಂದ ಅರ್ಧದಷ್ಟಾದರೂ ತಿಳಿಯಾಗಿ ಕುಡಿಯಬಹುದಾದ ಆಹಾರವಿರಲಿ. ಸೂಪಿನ ಪುಡಿಯ ಜೊತೆಗೆ ಲಡಾಖಿಗಳ ತ್ಸಂಪಾ, ಅಂದರೆ ಹುರಿದ ಬಾರ್ಲಿಯ ಹಿಟ್ಟು, ಲೇಹ್ ಪೇಟೆಯಲ್ಲಿ ಸಿಗುತ್ತದೆ.

ಅಡುಗೆಯ ಕಷ್ಟ ಬೇರೆಯೇ ಇದೆ. ಪ್ರತಿ 300 ಮೀಟರ್ ಏರಿಗೆ ನೀರು ಕುದಿಯುವ ಉಷ್ಣತೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಧಾರವಾಡದಲ್ಲಿ 98 ಡಿಗ್ರಿ ಆಸುಪಾಸಿನಲ್ಲಿ ಕುದಿಯುವ ನೀರು ಪಾಂಗ್‌ನಲ್ಲಿ 85 ಡಿಗ್ರಿಗೇ ಕುದಿಯುತ್ತದೆ. ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿಟ್ಟು ಎಷ್ಟು ಹೊತ್ತು ಕುದಿಸಿದರೂ ಬೇಯದೆ, ಇಂಧನ ಮಾತ್ರ ಮುಗಿಯುತ್ತದೆ. ಎರಡು ಲೀಟರಿನ ಚಿಕ್ಕ ಕುಕ್ಕರನ್ನು ಹೊರಲು ಮೂವರಲ್ಲಿ ಒಬ್ಬರಾದರೂ ಒಪ್ಪಿದರೆ ಅನ್ನ, ಹೆಸರುಬೇಳೆ ಸಾಧ್ಯ. ಇಲ್ಲವಾದರೆ ಶಾವಿಗೆ, ಸಣ್ಣ ರವೆ, ಓಟ್ಸ್ ಇವುಗಳಿಗೇ ಸೀಮಿತವಾಗಿರಿ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿಯೂ ರೈಲಿನಲ್ಲಿಯೂ ಒಯ್ಯುವಂತಿಲ್ಲ, ಮನಾಲಿ ಅಥವಾ ಲೇಹ್‌ನಲ್ಲಿಯೇ ಕೊಳ್ಳಬೇಕು. ದಾರಿಯ ಕುರುಚಲು ಗಿಡಗಳನ್ನು ಕಿತ್ತು ಒಲೆ ಹೂಡಬೇಡಿ. ಬೆರಳು ದಪ್ಪದ ಆ ಗಿಡ ಬೆಳೆಯಲು ಹಲವು ವರ್ಷ ಹಿಡಿಯುತ್ತದೆ, ಅಲ್ಲಿನ ಕುರಿಗಾಹಿಗಳಿಗೆ ಅದು ಮೇವು ಮತ್ತು ಉರುವಲು ಎರಡೂ ಹೌದು. ಡೇರೆಯ ಒಳಗೆ ಬಾಗಿಲು ಮುಚ್ಚಿಕೊಂಡು ಸ್ಟೋವ್ ಹಚ್ಚುವುದಂತೂ ಪ್ರಾಣಕ್ಕೇ ಕುತ್ತು.

ಇಷ್ಟಾಗಿಯೂ, ಬೇಸಿಗೆಯಲ್ಲಿ ಸರ್ಚು, ಪಾಂಗ್ ಮೊದಲಾದ ಕಡೆ ಡೇರೆ ಢಾಬಾಗಳು ನಡೆಯುತ್ತವೆ. ಬಿಸಿ ದಾಲ್-ಚಾವಲ್ ಸಿಗುವಲ್ಲಿ ಅದನ್ನು ಉಂಡು, ಹೊತ್ತ ಬುತ್ತಿಯನ್ನು ಆಪತ್ತಿಗೆ ಉಳಿಸಿಕೊಳ್ಳಿ. ಸ್ವಾವಲಂಬನೆಯ ಹೆಸರಿನಲ್ಲಿ ಢಾಬಾದ ಮುಂದೆಯೇ ತಣ್ಣನೆಯ ಅವಲಕ್ಕಿ ತಿನ್ನುವ ಹಟಕ್ಕೆ ಅರ್ಥವಿಲ್ಲ.

ಪ್ರಶ್ನೆ: ನನ್ನ ಮಗಳು ಮತ್ತು ಅವಳ ಮೂವರು ಸಹಪಾಠಿಗಳು ಬೈಕಿನಲ್ಲಿ ಲಡಾಖಿಗೆ ಹೊರಟಿದ್ದಾರೆ. ದಿನಾಲೂ ರಾತ್ರಿ ಫೋನ್ ಮಾಡುವ ಮಾತು ಕೊಟ್ಟಿದ್ದಾಳೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಕೊಡಿಸಲೇ?
– ಹಾವೇರಿ

ಉತ್ತರ: ದಯವಿಟ್ಟು ಕೊಡಿಸಬೇಡಿ. ವಿದೇಶಿ ಪ್ರವಾಸಿಗರ ಸಲಹೆಗಳಲ್ಲಿ ಆ ಸಾಧನದ ಹೆಸರು ಮೊದಲು ಬರುತ್ತದೆ, ಆದರೆ ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಫೋನನ್ನಾಗಲಿ ಅಂಥ ಸಂದೇಶ ಸಾಧನವನ್ನಾಗಲಿ ಇಟ್ಟುಕೊಳ್ಳುವುದು ಅಪರಾಧ. ಗಡಿಪ್ರದೇಶದಲ್ಲಿ ಸಿಕ್ಕಿಬಿದ್ದರೆ ಬಂಧನವೂ ಆಗಬಹುದು.

ಅವಳ ಮಾತನ್ನು ಸ್ವಲ್ಪ ತಿದ್ದಿಸಿಕೊಳ್ಳಿ. ಮನಾಲಿ ದಾರಿಯಲ್ಲಿ ಜಿಸ್ಪಾ ಬಿಟ್ಟ ಮೇಲೆ, ಲೇಹ್‌ಗೆ ಮೊದಲು ಸಿಗುವ ಉಪ್ಶಿ ಬರುವವರೆಗೆ ದಾರಿಯ ಬಹುಭಾಗದಲ್ಲಿ ಸಿಗ್ನಲ್ ಇರುವುದಿಲ್ಲವಾದ್ದರಿಂದ ಪ್ರತಿರಾತ್ರಿಯ ಫೋನ್ ಸಾಧ್ಯವಾಗದು, ನೀವು ಸುಮ್ಮನೆ ಕಂಗಾಲಾಗುತ್ತೀರಿ. ಅದರ ಬದಲು ಇಂಥ ದಿನ ಕೇಲಾಂಗ್‌ನಿಂದ ಫೋನ್, ಇಂಥ ದಿನ ಸಂಜೆಯೊಳಗೆ ಉಪ್ಶಿ ಅಥವಾ ಲೇಹ್‌ನಿಂದ ಫೋನ್, ಅದಕ್ಕೆ ಇಪ್ಪತ್ನಾಲ್ಕು ಗಂಟೆ ಮೀರಿದರೆ ನೀವು 112ಕ್ಕೆ ಕರೆಮಾಡುವುದು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ದಾರ್ಚಾ ಮತ್ತು ಸರ್ಚು ಪೊಲೀಸ್ ಚೆಕ್‌ಪೋಸ್ಟುಗಳಲ್ಲಿ ಹೆಸರು, ಬೈಕಿನ ನಂಬರು ಬರೆಸಲು ಬೇಸರಿಸಬಾರದು, ಹುಡುಕಬೇಕಾಗಿ ಬಂದರೆ ಆ ಪುಸ್ತಕವೇ ಮೊದಲ ಸುಳಿವು. ಕರ್ನಾಟಕದ ಪ್ರೀಪೇಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ; ಪೋಸ್ಟ್‌ಪೇಡ್ ಬೇಕು, ನಾಲ್ವರಲ್ಲಿ ಇಬ್ಬರ ಬಳಿಯಾದರೂ ಬೇರೆಬೇರೆ ಕಂಪನಿಯದ್ದಿರಲಿ.

ಪೆಟ್ರೋಲ್ ವಿಚಾರವನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯಲ್ಲಿ, ಮುಂದಿನ ಬಂಕ್ 365 ಕಿ.ಮೀ. ದೂರವೆಂದು ಎಚ್ಚರಿಸುವ ಪ್ರಸಿದ್ಧ ಫಲಕವಿದೆ. ಅಲ್ಲಿ ಟ್ಯಾಂಕ್ ತುಂಬಿಸಿ, ಪ್ರತಿ ಬೈಕಿಗೆ ಐದು ಲೀಟರ್ ಹೆಚ್ಚಿಗೆ ಒಯ್ಯಲಿ. ತೆಳುಗಾಳಿಯಲ್ಲಿ ಬೈಕಿನ ಎಳೆತ ಕುಗ್ಗಿ, ಕೆಳಗಿನ ಗೇರಿನಲ್ಲಿಯೇ ಓಡಿಸಬೇಕಾಗುವುದರಿಂದ ಮೈಲೇಜ್ ನಮ್ಮೂರಿನ ಲೆಕ್ಕದಲ್ಲಿ ಬರುವುದಿಲ್ಲ.

ಪ್ರಶ್ನೆ: ನನಗೆ 63 ವರ್ಷ, ರಕ್ತದೊತ್ತಡಕ್ಕೆ ಗುಳಿಗೆ ತೆಗೆದುಕೊಳ್ಳುತ್ತೇನೆ. ಡಯಾಮಾಕ್ಸ್ ಗುಳಿಗೆ ನುಂಗಿದರೆ ಎತ್ತರದ ಚಿಂತೆ ಇಲ್ಲವೆಂದು ಪರಿಚಯದವರು ಹೇಳುತ್ತಾರೆ. ನಿಜವೇ?
– ರಾಣೆಬೆನ್ನೂರು

ಉತ್ತರ: ಆ ಗುಳಿಗೆ ದೇಹ ಹೊಂದಿಕೊಳ್ಳುವುದನ್ನು ತ್ವರಿತಗೊಳಿಸುತ್ತದೆ, ಅವಸರಕ್ಕೆ ಪರವಾನಿಗೆ ಕೊಡುವುದಿಲ್ಲ. ಅದು ಮೂತ್ರವನ್ನು ಹೆಚ್ಚಿಸುತ್ತದೆ, ಬೆರಳುಗಳಲ್ಲಿ ಜುಮುಗುಡಿಸುತ್ತದೆ. ಸಲ್ಫಾ ಔಷಧಿ ಒಗ್ಗದವರೂ, ರಕ್ತದೊತ್ತಡಕ್ಕೆ ಈಗಾಗಲೇ ಮೂತ್ರವರ್ಧಕ ಗುಳಿಗೆ ನುಂಗುತ್ತಿರುವವರೂ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ನಿಮ್ಮ ವೈದ್ಯರಿಗೆ ಎಷ್ಟು ಮೀಟರ್ ಎತ್ತರದಲ್ಲಿ ಎಷ್ಟು ರಾತ್ರಿ ಮಲಗುವಿರಿ ಎಂಬ ಪಟ್ಟಿಯನ್ನೇ ತೋರಿಸಿ, ಇಸಿಜಿ ಮಾಡಿಸಿಕೊಂಡು ನಿರ್ಧರಿಸಿ. ವಿಮಾನದಲ್ಲಿ ನೇರವಾಗಿ 3,500 ಮೀಟರಿನ ಲೇಹ್‌ಗೆ ಇಳಿಯುವುದಾದರೆ ಮೊದಲ ಎರಡು ದಿನ ಪೂರ್ಣ ವಿಶ್ರಾಂತಿ ಬೇಕು. ತೊಂದರೆಯಾದರೆ ಅಲ್ಲಿನ ಸೋನಮ್ ನೋರ್ಬು ಸ್ಮಾರಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಒಬ್ಬರೇ ಹೋಗುವುದು ಬೇಡ.

ಪ್ರಶ್ನೆ: ಲೇಹ್‌ನಿಂದ ತ್ಸೋ ಕಾರ್, ತ್ಸೋ ಮೊರಿರಿ ಸರೋವರಗಳ ಕಡೆ ನಡೆದು, ಸಾಧ್ಯವಾದರೆ ಹಾನ್ಲೆಯವರೆಗೂ ಹೋಗುವ ಯೋಚನೆಯಿದೆ. ಬಯಲು ವಿಶಾಲವಾಗಿರುವುದರಿಂದ ಎಲ್ಲಿ ಬೇಕಾದರೂ ಡೇರೆ ಹಾಕಬಹುದಲ್ಲವೇ?
– ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಇಲ್ಲ. ಆ ಬಯಲಿನಲ್ಲಿ ಜನ ಕಾಣದಿದ್ದರೂ ಅದು ಚಾಂಗ್‌ಪಾ ಕುರಿಗಾಹಿಗಳ ಹುಲ್ಲುಗಾವಲು. ಪಶ್ಮೀನಾ ಉಣ್ಣೆ ಕೊಡುವ ಆಡುಗಳು ಮೇಯುವುದು ಅಲ್ಲಿಯೇ. ಹತ್ತಿರದಲ್ಲಿ ಅವರ ಡೇರೆಗಳಿದ್ದರೆ ಕೇಳಿಕೊಂಡು ಇಳಿಯಿರಿ, ಕೇಳಲು ಹೋಗುವಾಗ ದೂರದಿಂದಲೇ ಕೂಗಿ, ಏಕೆಂದರೆ ಅವರ ಕಾವಲು ನಾಯಿಗಳು ಸೌಮ್ಯವಲ್ಲ. ಸೇನಾ ಶಿಬಿರಗಳ ಸುತ್ತ ಬೀಡಾಡಿ ನಾಯಿಗಳ ಹಿಂಡೂ ಇರುತ್ತದೆ. ಹೊರಡುವ ಮೊದಲು ರೇಬಿಸ್ ಲಸಿಕೆಯ ಬಗ್ಗೆ ವೈದ್ಯರನ್ನು ವಿಚಾರಿಸಿ. ಸರೋವರಗಳ ದಂಡೆಗೆ ಅಂಟಿಕೊಂಡು ಡೇರೆ ಹಾಕಲೇಬಾರದು. ತ್ಸೋ ಮೊರಿರಿ 2002ರಿಂದ, ತ್ಸೋ ಕಾರ್ 2020ರಿಂದ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಯಲ್ಲಿ ಇವೆ. ಕಪ್ಪು ಕೊರಳಿನ ಕೊಕ್ಕರೆಗಳು ಗೂಡುಕಟ್ಟುವುದು ಆ ದಂಡೆಯ ಜೌಗಿನಲ್ಲಿ. ನೀವು ಬಿಸಾಕಿದ ಎಂಜಲು ನಾಯಿಗಳನ್ನು ಕರೆತರುತ್ತದೆ, ನಾಯಿಗಳು ಮೊಟ್ಟೆ ತಿನ್ನುತ್ತವೆ. ತ್ಸೋ ಕಾರ್ ನೀರು ಉಪ್ಪಾಗಿರುವುದರಿಂದ ದಂಡೆಯಲ್ಲಿ ಇಳಿಯುವುದರಿಂದ ನಿಮಗೂ ಪ್ರಯೋಜನವಿಲ್ಲ.

ಜುಲೈನಲ್ಲಿಯೂ ಅಲ್ಲಿ ರಾತ್ರಿಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ಚೀಟಿಯ ಮೇಲೆ ದೊಡ್ಡದಾಗಿ ಅಚ್ಚಾದ ಅಂಕಿ ಪ್ರಾಣ ಉಳಿಯುವ ಮಿತಿಯೋ ನೆಮ್ಮದಿಯಿಂದ ನಿದ್ರಿಸುವ ಮಿತಿಯೋ ಎಂದು ನೋಡಿ, ಎರಡನೆಯದನ್ನೇ ನಂಬಿ. ಕೆಳಗಿನ ಹಾಸು ತೆಳುವಾದರೆ ಎಂಥ ಬ್ಯಾಗೂ ಬೆಚ್ಚಗಿಡದು. ನೆಲವೇ ಶಾಖವನ್ನು ಹೀರುತ್ತದೆ. ಮರಳು ಮತ್ತು ಸಡಿಲ ಕಲ್ಲಿನಲ್ಲಿ ಗೂಟ ನಿಲ್ಲುವುದಿಲ್ಲವಾದ್ದರಿಂದ ಹಗ್ಗಗಳನ್ನು ಕಲ್ಲುಗಳಿಗೆ ಬಿಗಿಯುವುದನ್ನು ಕಲಿತುಕೊಳ್ಳಿ.

ಹಾನ್ಲೆಯ ವೀಕ್ಷಣಾಲಯ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದ್ದು. 4,500 ಮೀಟರ್ ಎತ್ತರದಲ್ಲಿರುವ ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ಮೀಸಲು ಎಂದು ಘೋಷಿಸಿರುವುದರಿಂದ ರಾತ್ರಿ ಪ್ರಖರವಾದ ಟಾರ್ಚ್, ವಾಹನದ ಹೆಡ್‌ಲೈಟ್ ಬಳಸಬಾರದು. ಕೆಂಪು ಬೆಳಕಿನ ತಲೆದೀಪ ಒಯ್ಯಿರಿ. ಆ ಭಾಗವೆಲ್ಲ ಚೀನಾ ಗಡಿಗೆ ಸಮೀಪವಿದ್ದು, ಪ್ರವಾಸಿಗರ ನೋಂದಣಿ ಮತ್ತು ಶುಲ್ಕದ ನಿಯಮಗಳು ಆಗಾಗ ಬದಲಾಗುತ್ತವೆ. ಲೇಹ್ ಜಿಲ್ಲಾಡಳಿತದಿಂದ ಹೊರಡುವ ವಾರದ ನಿಯಮವನ್ನೇ ತಿಳಿದುಕೊಂಡು, ಆಧಾರ್ ಮತ್ತು ರಸೀದಿಯ ನಾಲ್ಕಾರು ಜೆರಾಕ್ಸ್ ಪ್ರತಿಗಳನ್ನು ಒಯ್ಯಿರಿ. ಚೆಕ್‌ಪೋಸ್ಟಿನವರು ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳುತ್ತಾರೆ, ಹಾನ್ಲೆಯ ದಾರಿಯಲ್ಲಿ ಜೆರಾಕ್ಸ್ ಅಂಗಡಿ ಹುಡುಕಿದರೆ ಸಿಗುವುದಿಲ್ಲ.